ಕೊನೆಯ ಪಂಕ್ತಿಯಲ್ಲಿ ಉಣ್ಣುವವರು

ನಮ್ಮ ಧರ್ಮಕೇಂದ್ರದ ಪಾಲಕ ಸಂತರ ಹಬ್ಬದ ದಿನ ಬಲಿಪೂಜೆಯ ನಂತರ ಎಲ್ಲರಿಗೂ ಊಟವಿರುತ್ತದೆ. ಆ ಊಟದ ಉಸ್ತುವಾರಿಯನ್ನು ಹಲವು ವರ್ಷಗಳಿಂದ ಹೊತ್ತಿರುವವರು ಸೇನೆಯಿಂದ ನಿವೃತ್ತರಾದ ಒಬ್ಬ ಸುಬೇದಾರರು. ಅಕ್ಕಿ ತೊಳೆಯುವಲ್ಲಿಂದ ಹಿಡಿದು ಕೊನೆಯ ಹಂಡೆಯನ್ನು ಬೆಳಗಿ ಬೋರಲು ಹಾಕುವವರೆಗೆ ಅವರು ಅಲ್ಲಿಂದ ಕದಲುವುದಿಲ್ಲ. ಏರುದನಿಯಲ್ಲಿ ಯಾರನ್ನಾದರೂ ಗದರಿದ್ದನ್ನು ನಾನು ಕಂಡಿಲ್ಲ. ಗುರುಗಳು ಉಂಡು, ಗಾಯನವೃಂದದವರು ಉಂಡು, ಬಡಿಸಿದ ಯುವಕರು ಉಂಡು, ಪಾತ್ರೆ ತೊಳೆದ ಹೆಂಗಸರೂ ಉಂಡೆದ್ದ ಮೇಲೆ ಅವರು ಎಲೆಯ ಮುಂದೆ ಕೂರುತ್ತಾರೆ. ಅಷ್ಟು ಹೊತ್ತಿಗೆ ಪಾಯಸ ಮುಗಿದಿರುವುದೇ ಹೆಚ್ಚು. ಒಮ್ಮೆ ನಾನು, "ಸುಬೇದಾರ್ ಸಾಹೇಬರೇ, ನಿಮಗೆಂದು ಒಂದು ಲೋಟ ಪಾಯಸವನ್ನಾದರೂ ತೆಗೆದಿರಿಸಬಾರದೇ?" ಎಂದೆ. ಅವರು ನಕ್ಕು, "ಪಲ್ಟನ್ನಿನಲ್ಲಿ ಬಡಾಖಾನಾ ದಿನ ನಮ್ಮ ಕರ್ನಲ್ ಸಾಹೇಬರೇ ಸೌಟು ಹಿಡಿದು ಜವಾನರಿಗೆ ಬಡಿಸುತ್ತಿದ್ದರು ಸಾರ್. ತಟ್ಟೆ ಹಿಡಿದು ಮೊದಲು ನಿಂತವನ ಮಾತನ್ನು ಮಾರನೆಯ ದಿನ ಯಾರು ಕೇಳುತ್ತಾರೆ?" ಎಂದರು.

ನಾನು ಸಣ್ಣದೊಂದು ಮುದ್ರಣಾಲಯವನ್ನು ನಡೆಸಿಕೊಂಡು ಬಂದವನು. ಆರು ಮಂದಿ ಕೆಲಸಗಾರರಿಗೆ ಯಜಮಾನ. ಸುಬೇದಾರರ ಮಾತನ್ನು ಅಂದು ಒಂದು ಸೊಗಸಾದ ಉತ್ತರವೆಂದಷ್ಟೇ ಎಣಿಸಿ ಮನೆಗೆ ಹೋದೆ. ಅದು ನನಗೆ ನಾಟಿದ್ದು ಬಹಳ ತಡವಾಗಿ, ನನ್ನದೇ ಒಂದು ತಪ್ಪಿನ ದೆಸೆಯಿಂದ. ಅದನ್ನು ಮುಂದೆ ಹೇಳುತ್ತೇನೆ.

ಸೇನೆಯಲ್ಲಿ ಪಳಗಿದವರು ಉದ್ಯಮವನ್ನೂ ಚೆನ್ನಾಗಿ ನಡೆಸುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಸಾಕಷ್ಟು ಬೇರೂರಿದೆ. ಮಕ್ಕಳ ಭವಿಷ್ಯದ ಮಾತು ಬಂದಾಗ ತಂದೆತಾಯಂದಿರು, "ನಾಲ್ಕು ವರ್ಷ ಸೈನ್ಯದಲ್ಲಿದ್ದು ಬಂದರೆ ಶಿಸ್ತು ಬರುತ್ತದೆ, ಆಮೇಲೆ ಎಲ್ಲಿಯಾದರೂ ಬದುಕುತ್ತಾನೆ" ಎನ್ನುವುದನ್ನು ಕೇಳುತ್ತೇವೆ. ಶಿಸ್ತೆಂದರೆ ಏನೆಂದು ಕೇಳಿದರೆ, ಮುಂಜಾನೆ ಏಳುವುದು, ಸಮಯಕ್ಕೆ ಸರಿಯಾಗಿ ಹಾಜರಾಗುವುದು, ಹೇಳಿದ ಮಾತನ್ನು ಎದುರಾಡದೆ ಕೇಳುವುದು ಎಂಬ ಉತ್ತರ ಬರುತ್ತದೆ. ಯಜಮಾನನ ದೃಷ್ಟಿಯಿಂದ ನೋಡಿದರೆ ಇದು ಇನ್ನೂ ಚಿಕ್ಕದಾಗುತ್ತದೆ: ತಾನು ಹೇಳಿದ್ದನ್ನು ಇತರರು ತುಟಿ ಬಿಚ್ಚದೆ ಮಾಡಬೇಕು. 2023ರಲ್ಲಿ ದೇಶದ ಹೆಸರಾಂತ ಉದ್ಯಮಿಯೊಬ್ಬರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಆರಂಭದಲ್ಲಿ ಇನ್ನೊಬ್ಬರು ಅದನ್ನು 90ಕ್ಕೆ ಏರಿಸಿದರು. ಶಿಸ್ತು ಎಂಬ ಪದ ಎಷ್ಟು ಸುಲಭವಾಗಿ ಇನ್ನೊಬ್ಬರ ಬೆನ್ನಿನ ಮೇಲೆ ಹೊರಿಸುವ ಮೂಟೆಯಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಾಗಾದರೆ ಸೇನೆ ನಿಜವಾಗಿ ಕಲಿಸುವುದೇನು? ಅದರಲ್ಲಿ ಎಷ್ಟು ಅಂಗಡಿ, ಕಾರ್ಖಾನೆ, ಕಚೇರಿಗಳಿಗೆ ತರಲು ಯೋಗ್ಯ? ಎಷ್ಟನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕು?

ನಮ್ಮ ಹಾಸನ ಜಿಲ್ಲೆಯಲ್ಲಿ ಈ ಮಾತು ಬಂದಾಗ ಎಲ್ಲರ ಬಾಯಲ್ಲಿ ಬರುವ ಹೆಸರು ಕ್ಯಾಪ್ಟನ್ ಗೋಪಿನಾಥರದು. ಗೊರೂರಿನ ಉಪಾಧ್ಯಾಯರ ಮಗ. ಸೇನಾಧಿಕಾರಿಯಾಗಿ 1971ರ ಯುದ್ಧವನ್ನು ಕಂಡವರು. ಎಂಟು ವರ್ಷಗಳ ಸೇವೆಯ ನಂತರ, ಇನ್ನೂ ಮೂವತ್ತು ತುಂಬದಿರುವಾಗಲೇ ರಾಜೀನಾಮೆ ಕೊಟ್ಟು ಊರಿಗೆ ಬಂದರು. ಊರಿನಲ್ಲಿ ಕಾದಿದ್ದದ್ದೇನು? ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಕುಟುಂಬದ ಜಮೀನು ಮುಳುಗಿ, ಅದಕ್ಕೆ ಬದಲಾಗಿ ಜಾವಗಲ್ ಕಡೆಯ ಬರಡು ನೆಲ ಸಿಕ್ಕಿತ್ತು. ಆ ನೆಲದಲ್ಲಿ ಅವರು ಗುಡಾರ ಹಾಕಿಕೊಂಡು ವಾಸ ಹೂಡಿದರು. ತೆಂಗು, ರೇಷ್ಮೆ, ಸಾವಯವ ಕೃಷಿ ಎಂದು ವರ್ಷಗಟ್ಟಲೆ ಮಣ್ಣಿನೊಡನೆ ಹೋರಾಡಿದರು. ಆ ಕೆಲಸಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯೂ ಬಂತು. ಸೇನೆಯ ದಿನಗಳ ಗೆಳೆಯ ಕ್ಯಾಪ್ಟನ್ ಸ್ಯಾಮುಯೆಲ್ ಅವರೊಡನೆ 1997ರಲ್ಲಿ ಹೆಲಿಕಾಪ್ಟರ್ ಕಂಪನಿಯನ್ನೂ, 2003ರಲ್ಲಿ ಏರ್ ಡೆಕ್ಕನ್ ವಿಮಾನ ಸಂಸ್ಥೆಯನ್ನೂ ಕಟ್ಟಿದ್ದು ಅನಂತರದ ಕಥೆ. ರೈಲಿನಲ್ಲಿ ಹೋಗುತ್ತಿದ್ದವರು ವಿಮಾನವನ್ನೇರಿದರು. ಒಂದು ರೂಪಾಯಿಯ ಟಿಕೆಟ್ಟಿನ ಸುದ್ದಿ ಹಳ್ಳಿ ಹಳ್ಳಿಗೂ ಮುಟ್ಟಿತು.

ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ವಿಮಾನಗಳಲ್ಲ, ಆ ಗುಡಾರ. ಅಧಿಕಾರಿಯ ಹುದ್ದೆಯಿಂದ ಬಂದವನೊಬ್ಬ ವಿದ್ಯುತ್ತಿಲ್ಲದ, ರಸ್ತೆಯಿಲ್ಲದ ಜಾಗದಲ್ಲಿ ತನ್ನ ಆಳುಗಳೊಂದಿಗೆ ಸರಿಸಮನಾಗಿ ಬಿಸಿಲು ಮಳೆಗಳನ್ನು ಉಣ್ಣಲು ಸಿದ್ಧನಾದದ್ದು ಸೇನೆ ಕೊಟ್ಟ ಅಭ್ಯಾಸವೆಂದು ತೋರುತ್ತದೆ. ಹಾಗೆಂದು ಶಿಸ್ತು ಲಾಭಕ್ಕೆ ಜಾಮೀನು ನಿಲ್ಲುತ್ತದೆ ಎಂದು ಯಾರೂ ತಿಳಿಯಬಾರದು. ಹೈದರಾಬಾದಿನಿಂದ ವಿಜಯವಾಡಕ್ಕೆ ಗಣ್ಯರನ್ನು ಹೊತ್ತು ಹೊರಟ ಉದ್ಘಾಟನೆಯ ವಿಮಾನದ ಇಂಜಿನ್ನಿಗೇ ಬೆಂಕಿ ಹತ್ತಿಕೊಂಡಿತ್ತು. ಏರ್ ಡೆಕ್ಕನ್ ನಷ್ಟದಲ್ಲಿ ಸಿಲುಕಿ 2008ರಲ್ಲಿ ಕಿಂಗ್‌ಫಿಷರಿನೊಂದಿಗೆ ವಿಲೀನವಾಯಿತು. ಆ ಸಂಸ್ಥೆಯೂ 2012ರಲ್ಲಿ ನೆಲಕಚ್ಚಿತು. ಆಮೇಲೆ ಆರಂಭಿಸಿದ ಸರಕು ಸಾಗಣೆಯ ಕಂಪನಿಯೂ ಉಳಿಯಲಿಲ್ಲ. ಬಿದ್ದವನು ಎದ್ದು ಮತ್ತೆ ಕೆಲಸಕ್ಕೆ ತೊಡಗುವುದನ್ನು ಸೇನೆ ಕಲಿಸಬಲ್ಲದು. ಮಾರುಕಟ್ಟೆಯ ಲೆಕ್ಕವನ್ನು ಅದು ಕಲಿಸುವುದಿಲ್ಲ.

ಸೇನಾಧಿಕಾರಿಗಳಾಗುವ ತರುಣರು ತರಬೇತಿ ಪಡೆಯುವ ಡೆಹ್ರಾಡೂನಿನ ಸೇನಾ ಅಕಾಡೆಮಿಯನ್ನು 1932ರಲ್ಲಿ ಉದ್ಘಾಟಿಸಿದಾಗ ಅಂದಿನ ದಂಡನಾಯಕ ಚೆಟ್‌ವುಡ್ ಅಲ್ಲಿನ ಶಿಕ್ಷಣಾರ್ಥಿಗಳ ಮುಂದೆ ಒಂದು ಕ್ರಮಾಂಕವನ್ನು ಇಟ್ಟರು. ಮೊದಲಿಗೆ ದೇಶದ ಕ್ಷೇಮ ಮತ್ತು ಮರ್ಯಾದೆ. ಅದರ ನಂತರ ನಿನ್ನ ಕೈಕೆಳಗಿನ ಸೈನಿಕರ ಕ್ಷೇಮ. ನಿನ್ನ ಸ್ವಂತ ಸುಖವೂ ಸುರಕ್ಷತೆಯೂ ಎಂದೆಂದಿಗೂ ಕೊನೆಗೆ. ಹೇಳಿದವರು ಪರಕೀಯ ಆಳ್ವಿಕೆಯ ಸೇನಾಪತಿಯಾದರೂ ಸ್ವತಂತ್ರ ಭಾರತದ ಸೇನೆ ಆ ಮಾತನ್ನು ಕೈಬಿಡಲಿಲ್ಲ. ನಮ್ಮ ಸುಬೇದಾರರ ಕರ್ನಲ್ ಸಾಹೇಬರು ಸೌಟು ಹಿಡಿದದ್ದು ಈ ಕ್ರಮಾಂಕದ ಪಾಲನೆಯೇ. ಸೇನೆಯಲ್ಲಿ ಎಲ್ಲರೂ ಹೀಗೆಯೇ ನಡೆದುಕೊಳ್ಳುತ್ತಾರೆಂದಲ್ಲ. ಜವಾನರನ್ನು ಮನೆಯ ಚಾಕರಿಗೆ ಹಚ್ಚುವ ಅಧಿಕಾರಿಗಳೂ ಇದ್ದಾರೆಂದು ಸುಬೇದಾರರೇ ಒಪ್ಪುತ್ತಾರೆ. ಆದರೆ ಅಂಥವರು ಎಲ್ಲಿ ತಪ್ಪಿದರೆಂದು ಅಳೆಯಲು ಅಲ್ಲಿ ಒಂದು ಅಳತೆಗೋಲಾದರೂ ಉಂಟು.

ಈ ಕ್ರಮಾಂಕವನ್ನು ಉದ್ಯಮಕ್ಕೆ ತಂದಾಗಲೇ ನಿಜವಾದ ನೈತಿಕ ಪ್ರಶ್ನೆ ಏಳುವುದು. ಎರಡನೆಯ ಮತ್ತು ಮೂರನೆಯ ಸ್ಥಾನಗಳ ಬಗೆಗೆ ಗೊಂದಲವಿಲ್ಲ: ಕೆಲಸಗಾರರು ಮೊದಲು, ಯಜಮಾನ ಆಮೇಲೆ. ಆದರೆ ದೇಶವಿದ್ದ ಮೊದಲ ಸ್ಥಾನದಲ್ಲಿ ಯಾರನ್ನು ಕೂರಿಸುವುದು? ಲಾಭವನ್ನು ಕೂರಿಸಿದರೆ ಸೇನೆಯಿಂದ ಬಂದ ಪ್ರತಿಯೊಂದು ಒಳ್ಳೆಯ ಗುಣವೂ ಕೆಲಸಗಾರನಿಗೆ ಉರುಳಾಗಬಹುದು. ಸಮಯಪಾಲನೆ, ವಿಧೇಯತೆ, ತ್ಯಾಗ ಎಲ್ಲವೂ ಆಗ ಇನ್ನೊಬ್ಬರ ತಿಜೋರಿಗೆ ದುಡಿಯುತ್ತವೆ.

ಇದಕ್ಕೆ ಒಂದು ಉತ್ತರವನ್ನು ಅಮೆರಿಕದ ಉದ್ಯಮಿಯೊಬ್ಬರು ಎರಡನೆಯ ಮಹಾಯುದ್ಧದ ನಡುವೆ ಬರೆದಿಟ್ಟರು. ನಮ್ಮ ಮನೆಗಳಲ್ಲಿ ಹಸುಗೂಸಿನ ಪೌಡರಿನಿಂದ ಪರಿಚಿತವಾದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ರಾಬರ್ಟ್ ವುಡ್ ಜಾನ್ಸನ್ ಅವರೇ ಆ ಉದ್ಯಮಿ. ಯುದ್ಧಕಾಲದಲ್ಲಿ ಸೇನೆಗೆ ಸೇರಿ ಬ್ರಿಗೇಡಿಯರ್ ಜನರಲ್ ಹುದ್ದೆಗೆ ಏರಿದ್ದರಿಂದ ಕಂಪನಿಯಲ್ಲಿ ಅವರನ್ನು ಜನರಲ್ ಎಂದೇ ಕರೆಯುತ್ತಿದ್ದರು. 1943ರಲ್ಲಿ ಅವರು ಕಂಪನಿಯ ಹೊಣೆಗಳನ್ನು ಒಂದು ಪುಟದಲ್ಲಿ ಕ್ರಮವಾಗಿ ಬರೆದರು. ಕಂಪನಿಯ ಉತ್ಪನ್ನಗಳನ್ನು ಬಳಸುವ ವೈದ್ಯರು, ದಾದಿಯರು, ತಾಯಂದಿರು ಮೊದಲು, ಆಮೇಲೆ ನೌಕರರು, ಆಮೇಲೆ ಸುತ್ತಣ ಸಮಾಜ, ಹಣ ಹೂಡಿದ ಷೇರುದಾರರು ಕಟ್ಟಕಡೆಗೆ. ಬಂಡವಾಳವನ್ನು ಕೊನೆಯ ಪಂಕ್ತಿಯಲ್ಲಿ ಕೂರಿಸಿದ ಈ ಪತ್ರವನ್ನು ಕಂಪನಿಯ ಗೋಡೆಗಳ ಮೇಲೆ ತೂಗುಹಾಕಲಾಯಿತು.

ಗೋಡೆಯ ಮೇಲಿನ ಮಾತಿಗೆ ಬೆಲೆಯೆಷ್ಟೆಂದು ಗೊತ್ತಾಗಲು ಸುಮಾರು 40 ವರ್ಷಗಳು ಬೇಕಾದವು. 1982ರ ಸೆಪ್ಟೆಂಬರ್ ಕೊನೆಯಲ್ಲಿ ಶಿಕಾಗೋ ನಗರದ ಸುತ್ತಮುತ್ತ ಈ ಕಂಪನಿಯ ಟೈಲೆನಾಲ್ ಎಂಬ ನೋವಿನ ಮಾತ್ರೆಯನ್ನು ನುಂಗಿದ ಏಳು ಮಂದಿ ಸತ್ತರು. ಯಾರೋ ದುಷ್ಟರು ಅಂಗಡಿಗಳಲ್ಲಿದ್ದ ಕ್ಯಾಪ್ಸೂಲುಗಳಿಗೆ ಸಯನೈಡ್ ಬೆರೆಸಿದ್ದರು. ತಪ್ಪು ಕಂಪನಿಯದಾಗಿರಲಿಲ್ಲ, ವಿಷ ಬೆರೆತದ್ದೂ ಒಂದು ಊರಿನ ಸುತ್ತಿನಲ್ಲಿ ಮಾತ್ರ. ಆದರೂ ಯುದ್ಧಕಾಲದಲ್ಲಿ ನೌಕಾಪಡೆಯಲ್ಲಿದ್ದು ಬಂದ ಅಧ್ಯಕ್ಷ ಜೇಮ್ಸ್ ಬರ್ಕ್ ಇಡೀ ದೇಶದ ಅಂಗಡಿಗಳಿಂದ ಸುಮಾರು 3 ಕೋಟಿ 10 ಲಕ್ಷ ಬಾಟಲಿಗಳನ್ನು ಹಿಂದಕ್ಕೆ ತರಿಸಿದರು. 10 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು. ಇಂದು ನಾವು ಔಷಧದ ಬಾಟಲಿಯ ಬಾಯಿಗೆ ಮೊಹರು ಇದೆಯೇ ಎಂದು ನೋಡಿ ತೆರೆಯುವ ರೂಢಿಗೆ ಆ ಘಟನೆ ಒಂದು ದೊಡ್ಡ ಕಾರಣ.

ಇಲ್ಲಿಗೆ ನಿಲ್ಲಿಸಿದರೆ ಇದು ಒಂದು ನೀತಿಕಥೆಯಾದೀತು. ಆದರೆ ಅದೇ ಕಂಪನಿಯ ಟಾಲ್ಕ್ ಪೌಡರಿನಿಂದ ಕ್ಯಾನ್ಸರ್ ಬಂತೆಂದು ಮುಂದೆ ಸಹಸ್ರಾರು ಮಂದಿ ನ್ಯಾಯಾಲಯದ ಮೆಟ್ಟಿಲೇರಿದರು. ಕಂಪನಿ ಆರೋಪವನ್ನು ನಿರಾಕರಿಸುತ್ತಲೇ 2020ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲೂ, 2023ರಲ್ಲಿ ಜಗತ್ತಿನಾದ್ಯಂತವೂ ಆ ಪೌಡರಿನ ಮಾರಾಟವನ್ನು ನಿಲ್ಲಿಸಿತು. ಆ ಹೊತ್ತಿಗೂ ಜನರಲ್ ಜಾನ್ಸನ್ ಅವರ ಪತ್ರ ಕಂಪನಿಯ ಧ್ಯೇಯವಾಕ್ಯವಾಗಿಯೇ ಇತ್ತು. 1982ರ ಕಂಪನಿಯಾಗಿದ್ದರೆ ಈ ಪೌಡರಿನ ವಿಷಯದಲ್ಲಿ ಸಂಶಯ ಮೂಡಿದ ದಿನವೇ ಏನು ಮಾಡುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬರೆದಿಟ್ಟ ಕ್ರಮಾಂಕ ತಾನಾಗಿ ನಡೆಯುವುದಿಲ್ಲ; ಯಾರಾದರೂ ದಿನವೂ ಅದನ್ನು ನಡೆಸಬೇಕು.

ಸೇನೆಗೆ ಈ ಗುಟ್ಟು ಗೊತ್ತು. ಆದ್ದರಿಂದಲೇ ಅಲ್ಲಿ ಉಪದೇಶಕ್ಕಿಂತ ಕವಾಯತಿಗೆ ಹೆಚ್ಚು ಕಾಲ ಮೀಸಲು. ರಿಕ್ ರೆಸ್ಕೋರ್ಲಾ ಎಂಬವರು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ ಹುಟ್ಟಿ, ಅಮೆರಿಕದ ಸೇನೆ ಸೇರಿ, 1965ರಲ್ಲಿ ವಿಯೆಟ್ನಾಮಿನಲ್ಲಿ ಕಾದಿದವರು. ಮುಂದೆ ನ್ಯೂಯಾರ್ಕಿನ ಮಾರ್ಗನ್ ಸ್ಟ್ಯಾನ್ಲಿ ಎಂಬ ಹಣಕಾಸು ಸಂಸ್ಥೆಯಲ್ಲಿ ಭದ್ರತೆಯ ಮುಖ್ಯಸ್ಥರಾದರು. ಸಂಸ್ಥೆಯ ಕಚೇರಿ ವಿಶ್ವ ವ್ಯಾಪಾರ ಕೇಂದ್ರದ ದಕ್ಷಿಣ ಗೋಪುರದಲ್ಲಿತ್ತು. 1993ರಲ್ಲಿ ಆ ಕಟ್ಟಡದ ನೆಲಮಾಳಿಗೆಯಲ್ಲಿ ಬಾಂಬು ಸಿಡಿದ ಮೇಲೆ, ಮತ್ತೊಮ್ಮೆ ದಾಳಿ ಆಗಿಯೇ ಆಗುತ್ತದೆಂದು ಅವರು ನಂಬಿದರು. ಆದ್ದರಿಂದ ವರ್ಷಕ್ಕೆ ಹಲವು ಬಾರಿ ಎಲ್ಲ ನೌಕರರನ್ನೂ ಮೇಜು ಬಿಟ್ಟೆಬ್ಬಿಸಿ, ಇಬ್ಬಿಬ್ಬರನ್ನಾಗಿ ಜೋಡಿಸಿ, ಮೆಟ್ಟಿಲಿಳಿಯುವ ಅಭ್ಯಾಸ ಮಾಡಿಸಿದರು. ಒಂದೊಂದು ನಿಮಿಷಕ್ಕೂ ಲಕ್ಷಗಟ್ಟಲೆ ವಹಿವಾಟು ನಡೆಸುವ ದೊಡ್ಡ ಅಧಿಕಾರಿಗಳಿಗೆ ಇದು ಕಿರಿಕಿರಿ. ರೆಸ್ಕೋರ್ಲಾ ಲೆಕ್ಕಿಸಲಿಲ್ಲ.

2001ರ ಸೆಪ್ಟೆಂಬರ್ 11ರಂದು ಪಕ್ಕದ ಉತ್ತರ ಗೋಪುರಕ್ಕೆ ವಿಮಾನ ಬಡಿದಾಗ, ದಕ್ಷಿಣ ಗೋಪುರ ಸುರಕ್ಷಿತವಾಗಿದೆ, ಎಲ್ಲರೂ ತಮ್ಮ ಸ್ಥಳದಲ್ಲಿಯೇ ಇರಿ ಎಂದು ಧ್ವನಿವರ್ಧಕದಲ್ಲಿ ಸೂಚನೆ ಬಂತು. ರೆಸ್ಕೋರ್ಲಾ ಆ ಸೂಚನೆಯನ್ನು ಧಿಕ್ಕರಿಸಿ ತಮ್ಮ ಜನರನ್ನು ಇಳಿಸತೊಡಗಿದರು. 17 ನಿಮಿಷಗಳಲ್ಲಿ ಎರಡನೆಯ ವಿಮಾನ ಅವರ ಗೋಪುರಕ್ಕೇ ಬಡಿಯಿತು. ಕತ್ತಲೆಯ ಮೆಟ್ಟಿಲುಗಳಲ್ಲಿ ಜನರ ಧೈರ್ಯ ಕುಸಿಯದಂತೆ ಹಾಡುತ್ತಾ ಅವರು ಇಳಿಸುವ ಕೆಲಸವನ್ನು ಮುಂದುವರಿಸಿದರು. ಸಂಸ್ಥೆಯ ಸುಮಾರು 2,700 ನೌಕರರಲ್ಲಿ ಬಹುಪಾಲು ಎಲ್ಲರೂ ಬದುಕಿದರು. ಉಳಿದವರನ್ನು ಹುಡುಕಿಕೊಂಡು ಮತ್ತೆ ಮೇಲೇರಿದ ರೆಸ್ಕೋರ್ಲಾ ಹಿಂದಿರುಗಲಿಲ್ಲ. ಅವರ ದೇಹವೂ ದೊರೆಯಲಿಲ್ಲ.

ಗಮನಿಸಬೇಕಾದದ್ದು ಇಷ್ಟು: ವಿಧೇಯತೆಯನ್ನೇ ಕಲಿಸುವ ಸೇನೆಯಿಂದ ಬಂದವನು ಆ ಬೆಳಿಗ್ಗೆ ಮಾಡಿದ್ದು ಅವಿಧೇಯತೆ. ತನ್ನ ವಶಕ್ಕೆ ಒಪ್ಪಿಸಲ್ಪಟ್ಟ ಜೀವಗಳಿಗೆ ತಾನು ಉತ್ತರ ಹೇಳಬೇಕೆಂಬ ಅರಿವು ಅವನಲ್ಲಿ ಧ್ವನಿವರ್ಧಕಕ್ಕಿಂತ ಗಟ್ಟಿಯಾಗಿತ್ತು. ಶುಭಸಂದೇಶದಲ್ಲಿ ಪ್ರಭು ಯೇಸುವಿನ ಬಳಿಗೆ ಬಂದ ಶತಾಧಿಪತಿಯ ನೆನಪಾಗುತ್ತದೆ. ತನ್ನ ಮಾತಿಗೆ ಸೈನಿಕರು ನಡೆಯುತ್ತಾರೆಂದು ಹೇಳುವ ಮುನ್ನ ತಾನೂ ಇನ್ನೊಬ್ಬರ ಅಧಿಕಾರಕ್ಕೆ ಒಳಪಟ್ಟವನೆಂದು ಅವನು ಒಪ್ಪಿಕೊಳ್ಳುತ್ತಾನೆ. ಮತ್ತು ಅವನು ಬಂದದ್ದು ತನ್ನ ಬೇಡಿಕೆಗಾಗಿ ಅಲ್ಲ, ಹಾಸಿಗೆ ಹಿಡಿದ ತನ್ನ ಸೇವಕನಿಗಾಗಿ. ಈ ಎರಡನೆಯ ಸಂಗತಿಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಸೇನೆಯಿಂದ ತಪ್ಪು ಅಭ್ಯಾಸವನ್ನೇ ಹೊತ್ತು ತಂದವರೂ ಇದ್ದಾರೆ. ರಾಬರ್ಟ್ ಮೆಕ್‌ನಮಾರಾ ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಯ ಅಂಕಿಅಂಶ ವಿಭಾಗದಲ್ಲಿ ದುಡಿದು, 1946ರಲ್ಲಿ ಒಂಬತ್ತು ಮಂದಿ ಜೊತೆಗಾರರೊಂದಿಗೆ ಫೋರ್ಡ್ ಮೋಟಾರು ಕಂಪನಿಗೆ ಬಂದರು. ಎಲ್ಲವನ್ನೂ ಎಣಿಸುವ, ಅಳೆಯುವ ಅವರ ಪದ್ಧತಿಯಿಂದ ಕಂಪನಿ ಚೇತರಿಸಿಕೊಂಡಿತು. ಕಾರುಗಳಿಗೆ ಸೀಟ್ ಬೆಲ್ಟ್ ಬೇಕೆಂದು ವಾದಿಸಿದವರಲ್ಲಿ ಅವರೂ ಒಬ್ಬರು ಎಂಬುದನ್ನು ಮರೆಯುವಂತಿಲ್ಲ. ಆದರೆ 1961ರಲ್ಲಿ ರಕ್ಷಣಾ ಮಂತ್ರಿಯಾದ ಮೇಲೆ ಅದೇ ಎಣಿಕೆ ವಿಯೆಟ್ನಾಮಿಗೆ ಹೋಯಿತು. ಅಲ್ಲಿ ಶತ್ರುವಿನ ಹೆಣಗಳ ಲೆಕ್ಕವೇ ಗೆಲುವಿನ ಲೆಕ್ಕವಾಯಿತು. ತಮ್ಮ ನಡೆ ತಪ್ಪಾಗಿತ್ತೆಂದು ಅವರು 1995ರಲ್ಲಿ ಪುಸ್ತಕ ಬರೆದು ಒಪ್ಪಿಕೊಂಡರು. ಅವರ ಬುದ್ಧಿಯಲ್ಲಿಯೂ ಶ್ರದ್ಧೆಯಲ್ಲಿಯೂ ಕೊರತೆಯಿರಲಿಲ್ಲ. ಆದರೆ ಅಂಕಿಗಳು ಮನುಷ್ಯರ ಜಾಗದಲ್ಲಿ ಬಂದು ಕುಳಿತಿದ್ದವು.

ಇನ್ನೊಂದು ಭೇದವನ್ನೂ ಮರೆಯಬಾರದು. ಸೈನಿಕನು ಪ್ರಾಣವನ್ನೇ ಒತ್ತೆಯಿಟ್ಟು ಪ್ರಮಾಣವಚನ ಮಾಡುತ್ತಾನೆ. ಅವನ ಮೇಲೆ ಆಜ್ಞೆ ಚಲಾಯಿಸುವ ಹಕ್ಕು ಅಧಿಕಾರಿಗೆ ಅಲ್ಲಿಂದ ಬರುತ್ತದೆ. ನನ್ನ ಮುದ್ರಣಾಲಯದ ಬೈಂಡರ್ ನನಗೆ ಅಂಥ ಯಾವ ಪ್ರಮಾಣವನ್ನೂ ಕೊಟ್ಟಿಲ್ಲ. ದಿನಕ್ಕೆ ಎಂಟು ಗಂಟೆಯ ದುಡಿಮೆಯನ್ನು ಕೊಟ್ಟಿದ್ದಾನೆ, ಅಷ್ಟೇ. ಸೇನಾಧಿಕಾರಿಯ ಗತ್ತನ್ನು ಮಾತ್ರ ಎರವಲು ತಂದು, ಅವನು ತನ್ನ ಜವಾನರಿಗೆ ತೀರಿಸಬೇಕಾದ ಸಾಲವನ್ನು ಅಲ್ಲಿಯೇ ಬಿಟ್ಟು ಬರುವವರೇ ನಮ್ಮಲ್ಲಿ ಹೆಚ್ಚು.

ಸೇನೆಯ ಶಿಸ್ತನ್ನು ಇಷ್ಟೊಂದು ಹೊಗಳುವ ನಾವು ಸೇನೆಯಿಂದ ಬಂದವರನ್ನು ಎಲ್ಲಿ ನಿಲ್ಲಿಸಿದ್ದೇವೆಂದೂ ನೋಡಬೇಕು. ಅಧಿಕಾರಿಗಳಾಗಿದ್ದವರಿಗೆ ವ್ಯವಸ್ಥಾಪಕ ಹುದ್ದೆಗಳು ಸಿಗುತ್ತವೆ. ಜವಾನರಾಗಿದ್ದವರು ನಲವತ್ತರ ಆಸುಪಾಸಿನಲ್ಲಿ ನಿವೃತ್ತರಾಗಿ, ಬ್ಯಾಂಕಿನ ಬಾಗಿಲಲ್ಲೋ ಎಟಿಎಂ ಮುಂದೆಯೋ ಕೋವಿ ಹಿಡಿದು ನಿಲ್ಲುತ್ತಾರೆ. ಹತ್ತು ಜನರ ತುಕಡಿಯನ್ನು ಹಿಮದಲ್ಲಿ ನಡೆಸಿದ ಹವಾಲ್ದಾರನಿಗೆ ಹತ್ತು ಜನರ ಕಾರ್ಖಾನೆಯನ್ನು ಒಪ್ಪಿಸಲು ಯಾರೂ ಮುಂದಾಗುವುದಿಲ್ಲ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಂತೆ ನಾಲ್ಕು ವರ್ಷಗಳ ಸೇವೆಯ ನಂತರ ನೂರಕ್ಕೆ 25 ಮಂದಿಯವರೆಗೆ ಮಾತ್ರ ಸೇನೆಯಲ್ಲಿ ಉಳಿಯುತ್ತಾರೆ. ಮಿಕ್ಕವರು ಇಪ್ಪತ್ತರ ಹರೆಯದಲ್ಲಿಯೇ ನಮ್ಮ ನಡುವೆ ಹಿಂದಿರುಗುವವರು. ಅವರೊಳಗೆ ಗೋಪಿನಾಥರಂಥವರು ಇರಬಹುದು. ಅವರನ್ನು ಬಾಗಿಲಲ್ಲೇ ನಿಲ್ಲಿಸಿಬಿಟ್ಟರೆ ಅದು ತಿಳಿಯುವ ಬಗೆಯಿಲ್ಲ.

ಈಗ ನನ್ನ ತಪ್ಪಿನ ವಿಷಯ. 2020ರ ಲಾಕ್‌ಡೌನಿನಲ್ಲಿ ಮದುವೆಗಳು ನಿಂತವು, ಶಾಲೆಗಳು ಮುಚ್ಚಿದವು. ಆಹ್ವಾನಪತ್ರಿಕೆಯೂ ಇಲ್ಲ, ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಇಲ್ಲ. ಎರಡನೆಯ ತಿಂಗಳಿಗೇ ನಾನು ಆರು ಮಂದಿಯ ಸಂಬಳವನ್ನೂ ಅರ್ಧಕ್ಕೆ ಇಳಿಸಿದೆ. ಬೇರೆ ದಾರಿಯಿಲ್ಲವೆಂದು ಹೇಳಿದೆ, ಅವರೂ ತಲೆ ತಗ್ಗಿಸಿ ಒಪ್ಪಿದರು. ಎದುರಾಡದ ಆ ಮೌನವನ್ನು ಕಂಡು ನನ್ನ ಬಳಿ ಎಂಥ ಶಿಸ್ತಿನ ಜನರಿದ್ದಾರೆಂದು ಒಳಗೊಳಗೇ ಹೆಮ್ಮೆಪಟ್ಟೆ. ಕೆಲವು ವಾರಗಳ ನಂತರ ಸುಬೇದಾರರು ರಸ್ತೆಯಲ್ಲಿ ಸಿಕ್ಕಿ ಕೆಲಸದ ಬಗೆಗೆ ವಿಚಾರಿಸಿದರು. ನಾನು ನನ್ನ ಕಷ್ಟವನ್ನೆಲ್ಲ ತೋಡಿಕೊಂಡೆ. ಅವರು ಸಾವಧಾನವಾಗಿ ಕೇಳಿ, "ನಿಮ್ಮ ಮನೆಯ ಖರ್ಚಿಗೆ ಪ್ರೆಸ್ಸಿನಿಂದ ತೆಗೆಯುವುದನ್ನೂ ಅರ್ಧ ಮಾಡಿದಿರಾ ಸಾರ್?" ಎಂದು ಕೇಳಿದರು. ಮಾಡಿರಲಿಲ್ಲ. ಮಗಳ ಮದುವೆಗೆಂದು ಪ್ರತಿ ತಿಂಗಳೂ ಕಟ್ಟುತ್ತಿದ್ದ ಚೀಟಿಯ ಕಂತು ಕೂಡ ತಪ್ಪಿರಲಿಲ್ಲ. ಅವರು ಮತ್ತೇನೂ ಹೇಳದೆ ಮುಖಗವಸನ್ನು ಸರಿಪಡಿಸಿಕೊಂಡು ಹೊರಟುಹೋದರು.

ಆ ರಾತ್ರಿ ನಾನು ಲೆಕ್ಕದ ಪುಸ್ತಕ ತೆರೆದು ಕುಳಿತೆ. ಯಾರ ಅನ್ನವನ್ನು ಕಡಿಮೆ ಮಾಡಿ ಯಾರ ಚೀಟಿಯನ್ನು ತುಂಬಿಸಿದೆನೆಂಬುದು ಎರಡೇ ಸಾಲುಗಳಲ್ಲಿ ಕಾಣುತ್ತಿತ್ತು. ಹಾಗೆ ತಡೆಹಿಡಿದ ಅರ್ಧ ಸಂಬಳವನ್ನು ಮುಂದಿನ ಎರಡು ವರ್ಷಗಳಲ್ಲಿ ಕಂತುಗಳಾಗಿ ಹಿಂದಿರುಗಿಸಿದೆ. ಐವರಿಗೆ ತಲುಪಿತು. ಆರನೆಯವರು, ಹದಿನೆಂಟು ವರ್ಷ ಯಂತ್ರ ನಡೆಸಿದ್ದವರು, ಅಷ್ಟರೊಳಗೆ ಕೆಲಸ ಬಿಟ್ಟು ಸಂಸಾರ ಸಮೇತ ಬೇರೆ ಊರಿಗೆ ಹೋಗಿದ್ದರು. ವಿಚಾರಿಸಿಕೊಂಡು ಅವರಲ್ಲಿಗೆ ಹೋದಾಗ ಅವರು ಒಂದು ಬ್ಯಾಂಕಿನ ಎಟಿಎಂ ಮುಂದೆ ಕಾವಲಿಗೆ ಕುಳಿತಿದ್ದರು. ಲಕೋಟೆಯನ್ನು ತೆಗೆದುಕೊಂಡು ಎಣಿಸಲಿಲ್ಲ. "ಊಟ ಮಾಡಿಕೊಂಡು ಹೋಗಿ ಯಜಮಾನರೇ, ಮನೆ ಹತ್ತಿರದಲ್ಲೇ ಇದೆ" ಎಂದರು.